ಹೌದಪ್ಪ ಹೆಗ್ಗಣನಾದದ್ದು

ಕನ್ನಡಕದಂಗಡಿಯ ಹೌದಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಗೊತ್ತಿರುವುದು ಬ್ಯಾಂಕಿನವರಿಗೆ ಮಾತ್ರ. ಯಾರು ಏನು ಕೇಳಿದರೂ "ಹೌದಪ್ಪ" ಎನ್ನುವುದು ಅವನ ಹುಟ್ಟುಗುಣ. "ಈ ಫ್ರೇಮು ನನ್ನ ಮುಖಕ್ಕೆ ಒಪ್ಪುತ್ತಾ?" ಎಂದು ಗಿರಾಕಿ ಕೇಳಿದರೆ "ಹೌದಪ್ಪ". ಅದೇ ಗಿರಾಕಿ ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡು "ಗೂಬೆ ಥರ ಕಾಣ್ತೀನಿ ಅಲ್ವಾ?" ಎಂದರೂ "ಹೌದಪ್ಪ". ಜನ ಇದನ್ನು ಸೌಜನ್ಯ ಎಂದುಕೊಂಡಿದ್ದರು. ನಿಜದಲ್ಲಿ ಅದು ಹೆದರಿಕೆ. ಇಲ್ಲ ಎಂದರೆ ಎದುರಿನವರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ದನಿ ಏರುತ್ತದೆ, ದನಿ ಏರಿದರೆ ಹೌದಪ್ಪನ ಹೊಟ್ಟೆ ಕೆಡುತ್ತದೆ. ಮನುಷ್ಯ ಆರೋಗ್ಯದ ಕಡೆಗೂ ನೋಡಬೇಕಲ್ಲ!

ಅವನ ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಮೈಕಿನ ಕೆಲಸ. ಯಾವ ಬಸ್ಸು ಎಲ್ಲಿಗೆ ಹೊರಟಿತು, ಯಾವುದು ಕೆಟ್ಟು ನಿಂತಿತು ಎಂದು ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ಕೂಗಿ ಹೇಳಿ ಬರುವ ಆಕೆ, ಮನೆಗೆ ಬಂದ ಮೇಲೆ ಮಾತಾಡುವುದು ಅಪರೂಪ. ಆಕೆಯ ತಮ್ಮ ಇವರ ಜೊತೆಗೇ ಇದ್ದ. ಅವನದು ರ‍್ಯಾಪ್ ಹಾಡು. ಒಂದು ಹಾಸಿಗೆ ಅಂಗಡಿಯ ನೆಲಮಾಳಿಗೆಯಲ್ಲಿ, ಹತ್ತಿ ಮೂಟೆಗಳ ನಡುವೆ ಗೆಳೆಯರ ಜೊತೆ ಕೂತು ಹಾಡು ಕಟ್ಟುತ್ತಿದ್ದ. ಎಷ್ಟು ಕಿರುಚಿದರೂ ಹತ್ತಿ ಸದ್ದನ್ನು ಹೊರಗೆ ಬಿಡುತ್ತಿರಲಿಲ್ಲ. ಹೀಗಾಗಿ ಅವರದು ಎರಡು ಅರ್ಥದಲ್ಲೂ ನೆಲದಡಿಯ, ಅಂದರೆ ಅಂಡರ್‌ಗ್ರೌಂಡ್ ಸಂಗೀತ.

ಈ ಭಾಮೈದನಿಗೆ ತನ್ನ ಭಾವ ಅಂದರೆ ಮನೆಯಲ್ಲಿರುವ ಕುರ್ಚಿ, ಮೇಜಿನ ಲೆಕ್ಕ. ಎದುರಿಗೆ ಬಂದರೆ ಸುತ್ತಿಕೊಂಡು ಹೋಗುತ್ತಿದ್ದ, ಅಷ್ಟೆ.

ಒಂದು ಭಾನುವಾರ ಭಾಮೈದ ಅಟ್ಟದ ಮೇಲೆ ವಯರು ಹುಡುಕಲು ಹತ್ತಿದವನು ಕಿಟಾರನೆ ಕಿರುಚಿದ. ಹಾವೋ ಚೇಳೋ ಎಂದು ಹೌದಪ್ಪ ಬಾಗಿಲ ಕಡೆಗೆ ಓಡಿದ. ಭಾಮೈದ ಕೈಯಲ್ಲೊಂದು ಕ್ಯಾಸೆಟ್ಟು ಹಿಡಿದು, ಅದು ಮೊಟ್ಟೆಯೇನೋ ಎಂಬಂತೆ ಮೆಲ್ಲಗೆ ಇಳಿದು ಬಂದ. ಅದರ ಮೇಲೆ ನೀಲಿ ಶಾಯಿಯಲ್ಲಿ ದಪ್ಪಗೆ ಬರೆದಿತ್ತು: ಹೆಗ್ಗಣ. ನೆಲಮಾಳಿಗೆ.

"ಭಾವ, ಇದೇನು ಗೊತ್ತಾ ನಿಮಗೆ? ಈ ಊರಿನ ಮೊದಲನೇ ಮಿಕ್ಸ್‌ಟೇಪು! ಇಪ್ಪತ್ತೈದು ವರ್ಷ ಆಯ್ತು. ಹಾಡಿದ ಈ ಹೆಗ್ಗಣ ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಟ್ಯಾಕ್ಸಿಯವರು ಸೀಟಿನ ಅಡಿ ಬಚ್ಚಿಟ್ಕೊಂಡು ಕೇಳ್ತಿದ್ರಂತೆ. ಹಾಡು ಫೋನಿನಲ್ಲಿ ಓಡಾಡ್ತಿದೆ, ಆದ್ರೆ ನಿಜವಾದ ಟೇಪು ಒಂದೂ ಉಳಿದಿಲ್ಲ ಅಂತಿದ್ರು. ಇಲ್ಲಿ ಹೇಗೆ ಬಂತು?"

ಹೌದಪ್ಪ ಕನ್ನಡಕ ಏರಿಸಿ ನೋಡಿದ. ಕನ್ನಡಕದಂಗಡಿಗೆ ಸೇರುವ ಮೊದಲು ಅವನು ಮಾರುಕಟ್ಟೆಯಲ್ಲಿ ಖಾಲಿ ಕ್ಯಾಸೆಟ್ಟುಗಳಿಗೆ ಹಾಡು ತುಂಬಿಕೊಡುವ ಗೂಡಂಗಡಿಯಲ್ಲಿದ್ದ. ಅಕ್ಷರ ದುಂಡಗಿದ್ದುದರಿಂದ ಚೀಟಿ ಬರೆಯುವ ಕೆಲಸ ಅವನದು. ಕೇಳುವ ಕೆಲಸ ಮಾಲೀಕನದು. ಆ ಹೆಸರು ನೋಡಿ ಅವನು ಆಗ ಅದನ್ನು ಇಲಿ ಹೆಗ್ಗಣ ಓಡಿಸುವ ಉಪನ್ಯಾಸ ಎಂದುಕೊಂಡಿದ್ದ. ಮನೆಯಲ್ಲಿ ಇಲಿಕಾಟವಿದ್ದುದರಿಂದ ಒಂದನ್ನು ತಂದು ಅಟ್ಟದ ಮೇಲಿಟ್ಟು ಮರೆತಿದ್ದ.

"ಇದು ನಿಮ್ಮ ಅಕ್ಷರ ಅಲ್ವಾ ಭಾವ?"

"ಹೌದಪ್ಪ."

ಭಾಮೈದ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಂದ್ರೆ... ಹೆಗ್ಗಣ ಅಂದ್ರೆ... ನೀವೇನಾ?"

ಇಲ್ಲಿ ಓದುಗರು ಹೌದಪ್ಪನ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು. ಮದುವೆಯಾದಂದಿನಿಂದ ಭಾಮೈದ ಅವನನ್ನು ನೆಟ್ಟಗೆ ನೋಡಿದ್ದೇ ಇಲ್ಲ. ಈಗ ನೋಡುತ್ತಿದ್ದ, ಕಣ್ಣಲ್ಲಿ ನೀರು ತುಂಬಿಕೊಂಡು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಅವಳೂ ನೋಡುತ್ತಿದ್ದಳು.

"ಹೌದಪ್ಪ" ಎಂದುಬಿಟ್ಟ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಜನ. ಟೇಪಿನ ಫೋಟೋ, ಭಾವನ ಫೋಟೋ ಎರಡನ್ನೂ ಭಾಮೈದ ರಾತ್ರಿಯೇ ಊರಿಗೆಲ್ಲ ಹಂಚಿದ್ದ. ದೊಗಲೆ ಪ್ಯಾಂಟಿನ ಹುಡುಗ ಹುಡುಗಿಯರು ಬಂದು ಹೌದಪ್ಪನ ಕೈ ಕುಲುಕಿದರು, ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಖಾಲಿ ಕ್ಯಾಸೆಟ್ಟುಗಳ ಮೇಲೆ ಸಹಿ ಹಾಕಿಸಿಕೊಂಡರು. "ಇದನ್ನ ಹಾಕಿ ಕೇಳೋಕೆ ಯಂತ್ರ ಇದೆಯಾ ನಿಮ್ಮನೇಲಿ?" ಎಂದು ಹೌದಪ್ಪ ಕೇಳಿದರೆ, "ಕೇಳೋದು ಫೋನಲ್ಲಿ. ಇದು ಗೋಡೆಗೆ" ಎಂದರು.

"ಏನಾದ್ರೂ ಹೇಳಿ" ಎಂದು ಒಬ್ಬ ಫೋನನ್ನು ಬಾಯಿಗೆ ಹಿಡಿದ. ಹೌದಪ್ಪನಿಗೆ ಏನೂ ತೋಚದೆ, ಗೋಡೆಯ ಮೇಲಿನ ಅಕ್ಷರದ ಹಲಗೆ ನೋಡಿಕೊಂಡು ಗಿರಾಕಿಗಳಿಗೆ ದಿನಾ ಹೇಳುವುದನ್ನೇ ಹೇಳಿದ: "ಮೇಲಿನ ಸಾಲು ಎಲ್ಲರಿಗೂ ಕಾಣುತ್ತೆ. ಕೆಳಗಿನ ಸಾಲು ಹೇಳಿ."

ಹುಡುಗರು ಉಸಿರು ಬಿಗಿಹಿಡಿದರು. "ಕೆಳಗಿನ ಸಾಲು!" ಎಂದ ಒಬ್ಬ. "ಅಂದ್ರೆ ಕೆಳಗಿನವರ ಮಾತು!" ಎಂದಳು ಇನ್ನೊಬ್ಬಳು. ಸಂಜೆಯೊಳಗೆ ಆ ಮಾತಿಗೆ ತಾಳ ಸೇರಿ ಅದು ಬೀದಿಯ ಕಾರುಗಳಲ್ಲಿ ಓಡತೊಡಗಿತು. ಅಂಗಡಿಯ ಮಾಲಕಿ ಮಾತ್ರ ಲೆನ್ಸು ಒರೆಸುವ ಬಟ್ಟೆ ಹಿಡಿದು ಹೌದಪ್ಪನನ್ನು ಮೇಲಿಂದ ಕೆಳಗೆ ನೋಡಿ, "ನೀವು ಹಾಡ್ತೀರಾ? ಸೀನುವಾಗಲೂ ಕ್ಷಮೆ ಕೇಳ್ತೀರಲ್ಲ ನೀವು!" ಎಂದಳು.

ಬದುಕಿನಲ್ಲಿ ಮೊದಲ ಸಲ ಹೌದಪ್ಪ ಎದೆ ಉಬ್ಬಿಸಿಕೊಂಡು ಮನೆಗೆ ನಡೆದ. ಆ ಎದೆ ಇಳಿದದ್ದು ಅದೇ ಸಂಜೆ.

ಭಾಮೈದ ಎಲ್ಲಿಂದಲೋ ಹಳೆಯ ಟೇಪ್‌ರೆಕಾರ್ಡರು ತಂದಿದ್ದ. "ಬನ್ನಿ ಭಾವ, ನಿಮ್ಮ ಟೇಪು ನಿಮ್ಮ ಜೊತೆ ಕೂತು ಕೇಳೋದು ನನ್ನ ಪುಣ್ಯ" ಎಂದು ಕೂರಿಸಿದ. ಒತ್ತಿದ ಕೂಡಲೇ ಯಾವುದೋ ಡಬ್ಬ ಬಡಿದ ತಾಳ. ಅದರ ಮೇಲೆ ಒಂದು ದಪ್ಪ ದನಿ, ಬಾವಿಯೊಳಗಿಂದ ಬಂದಂತೆ. ಮೊದಲ ಹಾಡು ನಲ್ಲಿಯಲ್ಲಿ ಬಾರದ ನೀರಿನ ಮೇಲೆ. ಎರಡನೆಯದು ಬೀದಿದೀಪದ ಮೇಲೆ. ಹೌದಪ್ಪ ತಲೆದೂಗಿದ. ತಾನು ಚೆನ್ನಾಗಿಯೇ ಹಾಡಿದ್ದೇನೆ ಎನಿಸಿತು. ಮೂರನೆಯದು ಶುರುವಾಯಿತು.

*ಊರ ಗಾಡಿ ಎತ್ತೋ ಕ್ರೇನೇ, ನಿನ್ನ ಎತ್ತೋರ್ಯಾರು?*
*ಹಲ್ಲಿ ಕಂಡ್ರೆ ಮಂಚ ಹತ್ತಿ ಕೂಗ್ತೀಯಲ್ಲ ಜೋರು!*
*ಬೀದಿಯಲ್ಲಿ ಮೀಸೆ ತಿರುವಿ ಮಾಡ್ತೀ ಕಾರುಬಾರು,*
*ಮನೇಲೊಂದು ಮಾತಿಗ್ಯಾಕೆ ನಿಂಗೆ ಇಷ್ಟು ಬೇಜಾರು?*

ಹೌದಪ್ಪ ತಲೆದೂಗುವುದನ್ನು ನಿಲ್ಲಿಸಿದ. "ಕ್ರೇನು ಅಂದ್ರೆ... ಯಾವ ಕ್ರೇನು?"

"ನೀವೇ ಬೈದು ನನ್ನ ಕೇಳ್ತೀರಲ್ಲ ಭಾವ! ಆ ಕ್ರೇನೇ! ಟೋಯಿಂಗ್ ಯಾರ್ಡಿನವನು!"

ಊರಲ್ಲಿ ಕ್ರೇನು ಎಂದರೆ ಅವನೊಬ್ಬನೇ. ಅಡ್ಡ ನಿಂತ ಗಾಡಿಗಳನ್ನು ಎತ್ತಿಕೊಂಡು ಹೋಗುವುದು ಅವನ ಕಸುಬು. ಜಗಳ ತೆಗೆದ ಒಬ್ಬನನ್ನು ಕಾರಿನ ಸಮೇತ ಎತ್ತಿ, ಸಂಜೆ ತನಕ ಗಾಳಿಯಲ್ಲಿ ತೂಗಾಡಿಸಿದ್ದನಂತೆ. ಈ ಟೇಪು ಹೊರಬಂದಾಗ ಅವನ ಆಳುಗಳು ಅಂಗಡಿ ಅಂಗಡಿ ನುಗ್ಗಿ ಸಿಕ್ಕ ಕ್ಯಾಸೆಟ್ಟನ್ನೆಲ್ಲ ಪುಡಿ ಮಾಡಿದ್ದರು. ಹೌದಪ್ಪನಿದ್ದ ಗೂಡಂಗಡಿಯನ್ನೂ ಮಗುಚಿದ್ದರು. ಹೌದಪ್ಪ ಅವತ್ತು ಜ್ವರ ಎಂದು ಮನೆಯಲ್ಲಿ ಮಲಗಿದ್ದ. ಗೂಡಂಗಡಿ ಮಗುಚಿದ್ದು ಯಾಕೆಂದು ಅವನಿಗೆ ಅರ್ಥವಾದದ್ದು ಈಗ, ಇಪ್ಪತ್ತೈದು ವರ್ಷದ ಮೇಲೆ.

"ಲೋ, ಅದು ನಾನಲ್ಲ ಕಣೋ!"

ಭಾಮೈದ ಮೆಚ್ಚಿಗೆಯಿಂದ ನಕ್ಕ. "ಇದೇ ಭಾವ ನಿಮ್ಮ ದೊಡ್ಡಸ್ತಿಕೆ. ಈಗಿನವರು ನೋಡಿ, ಮಿಕ್ಸ್‌ಟೇಪು ಅಂದ್ರೆ ವಿಸಿಟಿಂಗ್ ಕಾರ್ಡು. ಪುಕ್ಕಟೆ ಹಂಚಿ, ನನ್ನ ನೋಡಿ ನನ್ನ ನೋಡಿ ಅಂತಾರೆ. ನಾನೂ ಅಷ್ಟೆ. ನಿಮ್ಮ ಕಾಲದಲ್ಲಿ ಹಾಡಿದವನು ಬಚ್ಚಿಟ್ಕೋತಿದ್ದ, ಹಾಡು ಓಡಾಡ್ತಿತ್ತು."

"ಬಚ್ಚಿಟ್ಕೋಬೇಕು" ಎಂದ ಹೌದಪ್ಪ, ಮಂಚದ ಕೆಳಗೆ ನೋಡುತ್ತ. "ಎಲ್ಲಾದರೂ ಬಚ್ಚಿಟ್ಕೋಬೇಕು."

ಮುಂದಿನ ದಿನಗಳಲ್ಲಿ ಅವನು ಸಿಕ್ಕಸಿಕ್ಕವರಿಗೆಲ್ಲ "ಅದು ನಾನಲ್ಲ" ಎಂದ. ಎಲ್ಲದಕ್ಕೂ ಹೌದು ಎನ್ನುವವನು ಇದೊಂದಕ್ಕೆ ಮಾತ್ರ ಅಲ್ಲ ಎನ್ನುವುದನ್ನು ಕಂಡು, ಅನುಮಾನವಿದ್ದವರಿಗೂ ನಂಬಿಕೆ ಬಂತು. ಮೇಲಿನ ಮನೆಯ ಪೆನ್ಷನ್ ಯಜಮಾನರು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, "ಮನೇಲಿ ಬಾಗಿಲು ಗಟ್ಟಿ ಇದೆಯಾ?" ಎಂದು ಪಿಸುಗುಟ್ಟಿದರು. "ನಮ್ಮ ಬಾಗಿಲಿಗೆ ನಂಬರು ದೊಡ್ಡದಾಗಿ ಬರೆಸ್ತಾ ಇದೀನಿ. ಬರೋರು ತಪ್ಪಿ ನಮ್ಮನೆಗೆ ನುಗ್ಗಬಾರದು ನೋಡಿ."

ಹೌದಪ್ಪ ಪೊಲೀಸ್ ಠಾಣೆಗೆ ಹೋದ. ಮೇಜಿನ ಹಿಂದೆ ಕೂತಿದ್ದ ದಫೇದಾರರು ಪೆನ್ನಿನ ಮುಚ್ಚಳ ತೆಗೆದರು.

"ಏನು ದೂರು?"

"ಒಬ್ಬರು ನನಗೆ ಹೊಡೀತಾರೆ ಸಾರ್."

"ಯಾವಾಗ ಹೊಡೆದ್ರು?"

"ಇನ್ನೂ ಹೊಡೆದಿಲ್ಲ ಸಾರ್."

"ಬೈದ್ರಾ?"

"ಅವರು ಬೈದಿಲ್ಲ. ನಾನೇ ಬೈದಿದೀನಿ ಅಂತ... ಅಂದ್ರೆ ನಾನಲ್ಲ ಸಾರ್, ಆದ್ರೆ ಎಲ್ಲರೂ ನಾನೇ ಅಂತಾರೆ."

ದಫೇದಾರರು ಪೆನ್ನಿನ ಮುಚ್ಚಳ ಹಾಕಿದರು. "ಬೈದೋರು ನೀವು, ಬೈಸಿಕೊಂಡೋರು ಅವರು, ದೂರು ನಿಮ್ಮದು. ಇದಕ್ಕೆ ಯಾವ ಕಲಂ ಹಾಕ್ಲಿ ನಾನು?" ಆಮೇಲೆ ಮುಂದಕ್ಕೆ ಬಾಗಿ ಮುಖವನ್ನೇ ದಿಟ್ಟಿಸಿದರು. "ಅಯ್ಯೋ, ನೀವೇನಾ ಆ ಹೆಗ್ಗಣ! ಮೊದಲೇ ಹೇಳಬಾರದಾ! ಹೊಸದಾಗಿ ಕೆಲಸಕ್ಕೆ ಸೇರಿದಾಗ ಜೀಪಲ್ಲಿ ಅದೇ ಹಾಡು ಕೇಳ್ತಿದ್ವಿ, ಗಾಜು ಏರಿಸ್ಕೊಂಡು. ಬೆಳಿಗ್ಗೆ ಕ್ರೇನೂ ಬಂದಿದ್ರು ಇಲ್ಲಿಗೆ."

"ಯಾ... ಯಾಕೆ?"

"ನಿಮ್ಮ ಮನೆ ಎಲ್ಲಿ ಅಂತ ಕೇಳ್ಕೊಂಡು."

"ನೀವು?"

"ವಯಸ್ಸಾದೋರು ಪಾಪ, ಅಲೆದಾಡಬಾರದು ಅಂತ ದಾರಿನೂ ಬರೆದುಕೊಟ್ಟೆ."

ಹೌದಪ್ಪ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಬೀದಿಯಲ್ಲಿ ಹಿಂದಿನಿಂದ ಹಾರನ್ನು ಕೇಳಿದರೆ ಗೋಡೆಗೆ ಅಂಟಿಕೊಂಡ. ಮನೆ ಸೇರಿ, ಇದ್ದ ಎರಡು ಕುರ್ಚಿಗಳನ್ನೂ ಬಾಗಿಲಿಗೆ ಆನಿಸಿದ. ಹೆಂಡತಿ ಕೆಲಸದಿಂದ ಬಂದು ಹೊರಗಿನಿಂದ ದೂಡಿದಾಗ ಕುರ್ಚಿ ಬಿದ್ದ ಸದ್ದಿಗೆ ಹೌಹಾರಿ, "ನಾನಲ್ಲ! ನಾನಲ್ಲ!" ಎಂದು ಕೂಗಿದ.

"ಯಾರು ಅಲ್ಲ? ಏಳಿ ಮೇಲೆ" ಎಂದಳು ಹೆಂಡತಿ. ಅವನು ನೆಲದ ಮೇಲೆ ಕೂತೇ ಎಲ್ಲವನ್ನೂ ಹೇಳಿದ, ಇಲಿಯ ಉಪನ್ಯಾಸದಿಂದ ಹಿಡಿದು ದಫೇದಾರರವರೆಗೆ. ಅವಳು ಕೇಳಿ, "ಅನ್ಕೊಂಡೆ" ಎಂದಳು. "ಸ್ನಾನ ಮಾಡುವಾಗಲೂ ಗುನುಗದ ಮನುಷ್ಯ ಟೇಪು ಮಾಡಿದ್ರು ಅಂದ್ರೆ ನಾನು ಹೇಗೆ ನಂಬೋದು?"

ಅಷ್ಟರಲ್ಲಿ ಬೀದಿಯಲ್ಲಿ ಸರಪಳಿಯ ಸದ್ದಾಯಿತು.

ಕಿಟಕಿಯಿಂದ ನೋಡಿದರೆ ಟೋಯಿಂಗ್ ಲಾರಿ, ಹಿಂದೆ ತೂಗಾಡುವ ಕೊಕ್ಕೆ. ಡ್ರೈವರು ಇಳಿದು ಬಂದು, "ಯಜಮಾನರು ಕರೀತಿದ್ದಾರೆ. ಈಗಲೇ" ಎಂದ. ಮೇಲಿನ ಮನೆಯ ಬಾಗಿಲು ಧಡಾರನೆ ಮುಚ್ಚಿತು. ಇನ್ನೂ ಬಿಸಿಲಿತ್ತು, ಆದರೆ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ಹಾಕಿಕೊಂಡವು. ಹಾಕಿಕೊಂಡ ಮೇಲೆ ಸಂದಿಯಿಂದ ನೋಡಿದವು.

"ನಾನೂ ಬರ್ತೀನಿ" ಎಂದಳು ಹೆಂಡತಿ. ಲಾರಿಯ ಹತ್ತಿರ ಎದುರಾದ ಭಾಮೈದ, "ನಾನೂ ಬರ್ತಿದ್ದೆ ಅಕ್ಕಾ, ಆದ್ರೆ ಯಾರಾದ್ರೂ ಒಬ್ಬರು ಮನೇಲಿರಬೇಕಲ್ಲ" ಎಂದು ಹಿಂದಕ್ಕೆ ಸರಿದ. ಊರಿನ ಧೈರ್ಯದ ಹಾಡೆಲ್ಲ ಕಟ್ಟಿದವನು ಅವನು. ಆ ಧೈರ್ಯ ಹತ್ತಿ ಮೂಟೆಗಳ ನಡುವೆ ಮಾತ್ರ ಕೆಲಸ ಮಾಡುತ್ತಿತ್ತೋ ಏನೋ.

ಯಾರ್ಡಿನಲ್ಲಿ ತುಕ್ಕು ಹಿಡಿದ ಕ್ರೇನುಗಳು ಕತ್ತು ಬಗ್ಗಿಸಿ ನಿಂತಿದ್ದವು. ತಗಡಿನ ಆಫೀಸಿನೊಳಗೆ ಒಂದು ಮೇಜು, ಮೇಜಿನ ಹಿಂದೆ ಕ್ರೇನು. ಮೀಸೆ ಬೆಳ್ಳಗಾಗಿತ್ತು. ಅಂಗೈಗಳು ಮಾತ್ರ ಈಗಲೂ ಮಣೆಯಷ್ಟು ಅಗಲ. ಅವನು ಕಣ್ಣು ಕಿರಿದು ಮಾಡಿಕೊಂಡು ಹೌದಪ್ಪನನ್ನು ಬಹಳ ಹೊತ್ತು ನೋಡಿದ.

"ಹೆಗ್ಗಣ ನೀನೇನಾ?"

ಹೌದಪ್ಪನ ಬಾಯಿ ತಾನಾಗಿ "ಹೌ..." ಎಂದು ತೆರೆದು ಅಲ್ಲೇ ನಿಂತಿತು.

"ಊರೆಲ್ಲ ಸಹಿ ಹಾಕ್ಕೊಡ್ತಿದ್ದೀಯಂತೆ. ಸರಿ. ನಾನಿಲ್ಲೇ ಇದೀನಿ. ಬೈ."

"ಸಾರ್?"

"ಬೈ ಅಂದೆ. ಟೇಪಲ್ಲಿ ಬೈದ ಹಾಗೆ, ಎದುರಿಗೆ. ಹೊಸದಾಗಿ. ಬರಲಿಲ್ಲ ಅಂದ್ರೆ..." ಕ್ರೇನು ಕಿಟಕಿಯಾಚೆ ತೂಗುತ್ತಿದ್ದ ಕೊಕ್ಕೆಯ ಕಡೆ ನೋಡಿದ. ಹೌದಪ್ಪನೂ ನೋಡಿದ. ಅದರ ತುದಿ ತನ್ನ ಶರಟಿನ ಕಾಲರಿಗೆ ಅಳತೆ ಮಾಡಿಸಿದ ಹಾಗೆ ಕಂಡಿತು.

"ನೀವು... ನೀವು..." ಹೌದಪ್ಪ ಕೈ ಜೋಡಿಸಿದ. "ನೀವು ಸ್ವಲ್ಪ... ಜೋರು ಸಾರ್. ದಯವಿಟ್ಟು ತಪ್ಪು ತಿಳೀಬೇಡಿ."

"ಇದು ಬೈಗುಳನಾ!" ಕ್ರೇನು ಮೇಜು ಗುದ್ದಿದ ರಭಸಕ್ಕೆ ಟೀ ಲೋಟ ಉರುಳಿತು. "ನಮ್ಮ ಹಲ್ಲು ಡಾಕ್ಟರು ಇದಕ್ಕಿಂತ ಚೆನ್ನಾಗಿ ಬೈತಾರೆ! ಇನ್ನೊಂದ್ಸಲ! ಬೈ!"

ಹೌದಪ್ಪ ಹಾಗೇ ನೆಲದ ಮೇಲೆ ಕುಸಿದು ಕೂತ. ಆಗ ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡರು. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತಿದ್ದಳು. ಮೈಕಿನ ಮುಂದೆ ಕೂತಾಗಿನ ಅದೇ ನಿಧಾನ, ಅದೇ ಸ್ಪಷ್ಟ ದನಿ.

"ಪ್ರಯಾಣಿಕರ ಗಮನಕ್ಕೆ. ಯಾರ್ಡಿನಲ್ಲಿ ನಿಂತಿರುವ ಹಳೆಯ ಕ್ರೇನು ಇನ್ನು ಮುಂದೆ ಎಲ್ಲಿಗೂ ಹೋಗುವುದಿಲ್ಲ. ಇದರ ಹಾರನ್ನು ಮಾತ್ರ ಕೆಲಸ ಮಾಡುತ್ತಿದ್ದು, ಎಂಜಿನ್ನು ನಿಂತು ವರ್ಷಗಳೇ ಆಗಿವೆ. ಕನ್ನಡಕ ಒರೆಸಿ ಬದುಕುವ ಮನುಷ್ಯನನ್ನು ಹೆದರಿಸಿ ತಾನಿನ್ನೂ ಓಡುತ್ತಿದ್ದೇನೆಂದು ಈ ವಾಹನ ತಿಳಿದುಕೊಂಡಿದೆ. ದಯವಿಟ್ಟು ಯಾರೂ ಹತ್ತಬೇಡಿ. ಒಳಗಿರುವ ಸೀಟುಗಳೆಲ್ಲ ಖಾಲಿ. ಮತ್ತೊಮ್ಮೆ ಗಮನಿಸಿ. ಒಳಗೆ ಪೂರ್ತಿ ಖಾಲಿ."

ತಗಡಿನ ಮಾಡು ಗುಂಯ್ ಎಂದಿತು. ಡ್ರೈವರು ಟೋಪಿ ತೆಗೆದ, ಯಾಕೆಂದು ಅವನಿಗೂ ತಿಳಿಯಲಿಲ್ಲ. ಹೌದಪ್ಪ ಕಣ್ಣು ಮುಚ್ಚಿಕೊಂಡ. ಇಬ್ಬರನ್ನೂ ಒಂದೇ ಕೊಕ್ಕೆಗೆ ಹಾಕುತ್ತಾನೋ, ಬೇರೆ ಬೇರೆಗೋ ಎಂದು ಯೋಚಿಸುತ್ತಿದ್ದ.

ಕೇಳಿಸಿದ್ದು ನಗು. ಮೊದಲು ಕೆಮ್ಮಿನ ಹಾಗೆ, ಆಮೇಲೆ ಮೇಜು ಅಲುಗುವ ಹಾಗೆ. ಕ್ರೇನು ಅಂಗೈಯಿಂದ ಕಣ್ಣೊರೆಸಿಕೊಂಡ.

"ಹೀಗೆ ಬೈಸಿಕೊಂಡು ಒಂಬತ್ತು ವರ್ಷ ಆಯ್ತಮ್ಮ" ಎಂದ. "ಕೂತ್ಕೊಳ್ಳಿ. ನೀನೂ ಏಳಪ್ಪ, ಮೇಲೆ ಕೂತ್ಕೋ. ಹೆಗ್ಗಣ ನೀನಲ್ಲ ಅಂತ ನನಗೆ ಗೊತ್ತು. ಅವಳು ಮಾಡಿದ್ದನ್ನ ಯಾವನೋ ನಂದು ಅಂತಿದ್ದಾನಲ್ಲ ಅಂತ ಮೈ ಉರಿದುಹೋಯ್ತು. ಅದಕ್ಕೇ ಕರೆಸಿದೆ."

"ಅವಳು ಅಂದ್ರೆ?" ಎಂದಳು ಹೆಂಡತಿ.

"ನನ್ನ ಮನೆಯವಳು. ಅವಳು ತೀರಿಕೊಂಡೇ ಒಂಬತ್ತು ವರ್ಷ."

ಟೇಪು ಹೊರಬಂದ ಕಾಲದಲ್ಲಿ ಕ್ರೇನಿಗೆ ಮೂರನೇ ಹಾಡಿನ ಮೊದಲ ಸಾಲು ಕೇಳಿಯೇ ನೆತ್ತಿಗೇರಿತ್ತು. ಉಳಿದದ್ದನ್ನು ಕೇಳದೆ ಎಲ್ಲ ಒಡೆಸಿಹಾಕಿದ. ಮೊನ್ನೆ ಮೊಮ್ಮಗಳು ಓಡಿಬಂದು, "ತಾತಾ, ಈ ಹಾಡಿನ ಕ್ರೇನು ನೀನೇನಾ? ನಮ್ಮ ಕಾಲೇಜಲ್ಲಿ ನೀನು ಭಾರಿ ಫೇಮಸ್ಸು!" ಎಂದು ಕಿವಿಗೆ ಫೋನಿಟ್ಟಳು. ಆಗ ಪೂರ್ತಿ ಕೇಳಿದ.

"ಹಲ್ಲಿ ವಿಷಯ ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿದ್ದದ್ದು. ಟೇಪು ನಿಧಾನಕ್ಕೆ ಓಡಿಸಿ ದನಿ ದಪ್ಪ ಮಾಡಿದ್ದಾಳೆ. ಆ ತಾಳ ಇದೆಯಲ್ಲ, ಹುಡುಗರೆಲ್ಲ ಅದೇನೋ ಹೊಗಳ್ತಾರಲ್ಲ, ಅದು ನಮ್ಮನೆ ಹಿಟ್ಟಿನ ಡಬ್ಬ." ಅವನು ಉರುಳಿದ್ದ ಲೋಟವನ್ನು ಎತ್ತಿ ನಿಲ್ಲಿಸಿದ. "ಎದುರಿಗೆ ಹೇಳಿದ್ರೆ ನಾನು ಕೇಳ್ತಿರಲಿಲ್ಲ. ಊರೆಲ್ಲ ಸುತ್ತಿಸಿಯಾದ್ರೂ ನನ್ನ ಕಿವಿಗೆ ಬೀಳಲಿ ಅಂತ ಮಾಡಿರಬೇಕು. ನಾನು ಅದನ್ನೂ ಒಡೆದು ಹಾಕಿದೆ. ನಾನು ಒಡೆಸೋದನ್ನ ನೋಡ್ತಾ ನಿಂತಿದ್ಲು. ಒಂದು ಮಾತಾಡಲಿಲ್ಲ."

ಹೌದಪ್ಪನ ಹೆಂಡತಿ ಸೆರಗನ್ನು ಸೊಂಟದಿಂದ ಬಿಡಿಸಿಕೊಂಡಳು.

"ಆ ಚೀಟಿ ನಿನ್ನ ಅಕ್ಷರ ತಾನೇ?" ಕ್ರೇನು ಹೌದಪ್ಪನ ಕಡೆ ಬಾಗಿದ. "ಹಾಗಾದ್ರೆ ಅವಳು ನಿನ್ನ ಹತ್ರ ಬಂದಿರಬೇಕು. ಏನಂದ್ಲು?"

ಹೌದಪ್ಪನಿಗೆ ಹೆದರಿಕೆಯಲ್ಲಿ ನೆನಪು ಬರುವುದಿಲ್ಲ. ಆದರೂ ಆ ಮುಖ ನೋಡಿ ಪ್ರಯತ್ನ ಮಾಡಿದ. ಮಾರುಕಟ್ಟೆ, ಗೂಡಂಗಡಿ, ನೀಲಿ ಶಾಯಿ. ಒಬ್ಬ ಹೆಂಗಸು, ಕೈಚೀಲ.

"ಚೀಟಿ ಮೇಲೆ ಸಣ್ಣಗೆ ಬರೆದಿದ್ದೆ ಸಾರ್. ಆಕೆ ವಾಪಸ್ ಕೊಟ್ರು. 'ದಪ್ಪ ಬರೀಪ್ಪ, ಇದನ್ನ ಓದಬೇಕಾದವರಿಗೆ ಕಣ್ಣು ಮಂಜು, ಕನ್ನಡಕ ಹಾಕು ಅಂದ್ರೂ ಕೇಳಲ್ಲ' ಅಂದ್ರು."

ಕ್ರೇನು ಅಗಲವಾದ ಅಂಗೈಯನ್ನು ಮೇಜಿನ ಮೇಲೆ ಚೆಲ್ಲಿದ ಟೀಯ ಮೇಲೇ ಇಟ್ಟುಕೊಂಡು ಕೂತಿದ್ದ.

"ಇನ್ನೇನಂದ್ಲು?"

"ಅಷ್ಟೇ ಸಾರ್."

"ನೆನಪು ಮಾಡ್ಕೊಂಡು ಬಾ. ಮುಂದಿನ ಭಾನುವಾರ. ಹೆಗ್ಗಣ ಯಾರು ಅಂತ ಹೊರಗೆ ಬಾಯಿ ಬಿಟ್ಟೆಯೋ, ಕೊಕ್ಕೆ ಅಲ್ಲೇ ಇದೆ. ಅವಳು ಯಾರಿಗೂ ಗೊತ್ತಾಗಬಾರದು ಅಂತ ಮಾಡಿದ್ದು, ಹಾಗೇ ಇರಲಿ. ಊರಿಗೆ ನೀನೇ ಹೆಗ್ಗಣ."

ಹೀಗೆ ಹೌದಪ್ಪ ಜೀವಭಯದಿಂದ ಹೆಗ್ಗಣನಾಗಿಯೇ ಉಳಿದ. ನೆಲಮಾಳಿಗೆಯ ಹುಡುಗರು ವೇದಿಕೆಗೆ ಕರೆದರೆ ಗಂಟಲು ಕೆಟ್ಟಿದೆ ಎಂದ. ಅವನ ಆ ಮೌನಕ್ಕೂ ಅವರು ದೊಡ್ಡ ಅರ್ಥ ಹಚ್ಚಿದರು. ಭಾಮೈದ ಅಕ್ಕನ ಬಸ್ಸಿನ ದನಿಯನ್ನು ಹಾಕಿಕೊಂಡು ಒಂದು ಮಿಕ್ಸ್‌ಟೇಪು ಮಾಡಿದ. ಅದು ಫೋನಿನಲ್ಲಿ ಭಾರಿ ಓಡಿತು. ಅವಳು ಅದನ್ನು ಒಂದೇ ಸಲ ಕೇಳಿ, "ಉಸಿರು ತಪ್ಪು ಜಾಗದಲ್ಲಿ ಕತ್ತರಿಸಿದ್ದೀಯ" ಎಂದು ಮತ್ತೆ ಮಾಡಿಸಿದಳು.

ಭಾನುವಾರ ಬಂತೆಂದರೆ ಮಾತ್ರ ಹೌದಪ್ಪ ಯಾರ್ಡಿಗೆ ಹೋಗಲೇಬೇಕು. ಎರಡನೆಯ ವಾರ ಕಷ್ಟಪಟ್ಟು ಕೈಚೀಲದ ಬಣ್ಣ ನೆನಪಿಸಿಕೊಂಡ. ಮೂರನೆಯ ವಾರ ಆಕೆ ಚಿಲ್ಲರೆ ಸರಿಯಾಗಿ ಕೊಟ್ಟದ್ದು. ಅಲ್ಲಿಗೆ ನಿಜವೆಲ್ಲ ಮುಗಿಯಿತು. ಯಾರ್ಡಿಗೆ ಹೋಗದಿರಲು ಧೈರ್ಯವಿಲ್ಲ, ಹೋಗಿ ಸುಮ್ಮನೆ ಕೂರಲೂ ಧೈರ್ಯವಿಲ್ಲ. ನಾಲ್ಕನೆಯ ವಾರ ಕ್ರೇನಿನೆದುರು ಕೂತು, ಬೆವರೊರೆಸಿಕೊಳ್ಳುತ್ತ, ಆಕೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಾಗ ಒಂದು ಬೆಕ್ಕು ಬಂದು ಕಾಲಿನ ಹತ್ತಿರ ಮಲಗಿತೆಂದೂ, ಆಕೆ ಅದರ ಜೊತೆ ಮಾತಾಡಿದರೆಂದೂ ಹೇಳಿದ. ಬೆಕ್ಕಿಗೆ ಏನೇನು ಹೇಳಿದರು ಎಂಬಲ್ಲಿಗೆ ಬಂದಾಗ ತೊದಲಿ, ಮಾತು ಸಿಕ್ಕದೆ, ನಿಂತುಬಿಟ್ಟ.

ಕ್ರೇನು ಕುರ್ಚಿಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಹಾಗೇ, ಕಣ್ಣು ತೆರೆಯದೆ ಹೇಳಿದ:

"ಬೆಕ್ಕು ಕಂಡ್ರೆ ಅವಳಿಗೆ ಆಗ್ತಿರಲಿಲ್ಲ. ಸುಳ್ಳು ಹೇಳ್ತಿದ್ದೀಯ ಅಂತ ಗೊತ್ತು. ನಿಲ್ಲಿಸಬೇಡ. ಮುಂದೆ ಹೇಳು."